ಅಂಗಡಿಯ ಜ್ಯೂಸ್‌ಗೆ ಏನು ಕಡಿಮೆ?

ಓದುಗರ ಪತ್ರ: ನಾನು ಮಂಗಳೂರಿನವಳು, ಈಗ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದೇನೆ. ಸೂಪರ್‌ಮಾರ್ಕೆಟ್ಟಿನ ಸೇಬಿನ ಜ್ಯೂಸ್‌ಗೆ ಯೀಸ್ಟ್ ಹಾಕಿ ಸೈಡರ್ (ಸೇಬಿನ ರಸ ಹುಳಿಸಿ ಮಾಡುವ ಮದ್ಯ) ಮಾಡಿದೆ, ಚೆನ್ನಾಗಿಯೇ ಬಂತು. ಅಮ್ಮನಿಗೆ ಹೇಳಿದರೆ, "ಪ್ಯಾಕೆಟಿನ ರಸದಲ್ಲಿ ಎಂಥ ವೈನ್ ಮಾರಾಯ್ತಿ?" ಎಂದು ನಕ್ಕರು. ಆಮೇಲೆ ತಂದ ದ್ರಾಕ್ಷಿ ಜ್ಯೂಸ್‌ನಲ್ಲಿ ಎರಡು ವಾರವಾದರೂ ಒಂದು ಗುಳ್ಳೆ ಏಳಲಿಲ್ಲ. ಅಮ್ಮ ಹೇಳಿದ್ದೇ ಸರಿಯೇ? ನಾಚಿಕೆಯಾಗುತ್ತಿದೆ.

ಸಂಪಾದಕರ ಉತ್ತರ: ಅಮ್ಮನ ಮಾತನ್ನು ತಳ್ಳಿಹಾಕುವಂತಿಲ್ಲ. ನಿಮ್ಮ ಪಕ್ಕದ ಸಾಮರ್‌ಸೆಟ್‌ನಲ್ಲಿ ಸೈಡರ್‌ಗೆಂದೇ ಬೆಳೆಯುವ ಸೇಬುಗಳಲ್ಲಿ ಒಗರು ಜಾಸ್ತಿ. ಬಾಯಿಗಿಟ್ಟರೆ ನಾಲಿಗೆ ಹಿಡಿಯುತ್ತದೆ, ಆದರೆ ಸೈಡರ್‌ಗೆ ಕಸುವು ಬರುವುದು ಅದರಿಂದಲೇ. ಅಂಗಡಿಯ ಜ್ಯೂಸ್‌ನಲ್ಲಿ ಅದು ಕಡಿಮೆ, ಒಪ್ಪಿದೆ. ಅದಕ್ಕೆ ಅಲ್ಲಿಯ ಮನೆಗಳಲ್ಲೇ ಮದ್ದಿದೆ: ಹಾಲು ಸಕ್ಕರೆ ಹಾಕದ ಕಡು ಚಹಾ, ಐದು ಲೀಟರಿಗೆ ಒಂದು ಲೋಟ, ತಣಿದ ಮೇಲೆ ಸುರಿಯುವುದು. ಮುಂದಿನ ಸಲ ಮಾಡಿ ನೋಡಿ.

ಆದರೆ ಒಂದು ಮಾತಿಗೆ ನಿಮ್ಮನ್ನು ಗದರಲೇಬೇಕು. ದ್ರಾಕ್ಷಿಯ ಬಾಟಲಿಯ ಲೇಬಲ್ ಓದಿದ್ದಿರಾ? "ಪೊಟ್ಯಾಸಿಯಮ್ ಸಾರ್ಬೇಟ್" ಅಥವಾ "ಇ 202" ಎಂದು ಸಣ್ಣಕ್ಷರದಲ್ಲಿ ಇದ್ದಿರಬೇಕು. ರಸ ಕೆಡದಿರಲೆಂದು ಹಾಕುವ ಅದು ಯೀಸ್ಟನ್ನು ಸಂಖ್ಯೆಯಲ್ಲಿ ಬೆಳೆಯಗೊಡುವುದಿಲ್ಲ. ಅದೇ ಲೇಬಲ್ಲಿನಲ್ಲಿ ಸಕ್ಕರೆಯ ಲೆಕ್ಕವೂ ಸಿಗುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುಳಿತರೆ ಶೇ. 1ರಷ್ಟು ಆಲ್ಕೋಹಾಲ್. ಸೇಬಿನ ಜ್ಯೂಸ್‌ನಲ್ಲಿ ಲೀಟರಿಗೆ 100 ಗ್ರಾಂ ಇದ್ದರೆ ಸೈಡರ್ ಶೇ. 6ರ ಹತ್ತಿರ ನಿಲ್ಲುತ್ತದೆ. ವೈನ್ ಬೇಕೆಂದರೆ ಸಕ್ಕರೆ ಇದರ ಎರಡು ಪಟ್ಟು ಬೇಕು.

ನಾಚಿಕೆ ಯಾಕೆ, ಅದು ನನಗೆ ಅರ್ಥವಾಗಲಿಲ್ಲ. ಬಾಟಲಿಯ ದ್ರಾಕ್ಷಿ ರಸದ ಹುಟ್ಟು ಕೇಳಿ. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ವೆಲ್ಚ್ ಎಂಬ ಹಲ್ಲಿನ ವೈದ್ಯರು, ಚರ್ಚಿನ ಪ್ರಸಾದಕ್ಕೆ ಅಮಲಿಲ್ಲದ ರಸ ಬೇಕೆಂದು, ತುಂಬಿದ ಬಾಟಲಿಗಳನ್ನು ಬಿಸಿನೀರಿನಲ್ಲಿ ಕಾಯಿಸಿದರು. ಶಾಖಕ್ಕೆ ಹುಳಿಯುವಿಕೆ ನಿಲ್ಲುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ತೋರಿಸಿ ಆಗ ಕೆಲವೇ ವರ್ಷಗಳಾಗಿದ್ದವು. ವೈನ್ ಆಗದಿರಲಿ ಎಂದೇ ಹುಟ್ಟಿದ ಸರಕು ಅದು! ಮುಂದೆ 1920ರಿಂದ 1933ರವರೆಗೆ ಅದೇ ದೇಶದಲ್ಲಿ ಪಾನನಿಷೇಧ ಬಂದಾಗ ಗಟ್ಟಿ ಮಾಡಿದ ದ್ರಾಕ್ಷಿ ರಸ ಕೊಂಡುಕೊಂಡು ಜನ ಮನೆಮನೆಯಲ್ಲಿ ವೈನ್ ಮಾಡಿದರು. ಕಾಯಿಸಿ ನಿಲ್ಲಿಸಿದ್ದನ್ನು ನೀವೂ ಒಂದು ಚಿಟಿಕೆ ಯೀಸ್ಟ್‌ನಿಂದ ಎಬ್ಬಿಸಿದ್ದೀರಿ, ಅಷ್ಟೇ.

ನಮ್ಮ ನೆರೆಮನೆಯಲ್ಲಿ ಒಬ್ಬರು ಬಾಯಮ್ಮ ಇದ್ದರು. ಕ್ರಿಸ್ಮಸ್‌ಗೆ ತಿಂಗಳಿರುವಾಗ ಭರಣಿಗೆ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ದಿನಾ ಬೆಳಿಗ್ಗೆ ಸೆರಗು ಹಿಂದಕ್ಕೆ ಸರಿಸಿ, ಬಗ್ಗಿ, ಭರಣಿಗೆ ಕಿವಿ ಕೊಡುತ್ತಿದ್ದರು. ಒಮ್ಮೆ ನನ್ನನ್ನೂ ಕರೆದರು. ಒಳಗೆ ದೂರದ ಮಳೆಯ ಹಾಗೆ ಸಣ್ಣ ಚಿರಿಚಿರಿ ಸದ್ದು. ಒಂದು ವರ್ಷ ಒಳ್ಳೆಯ ಹಣ್ಣು ಸಿಗದೆ ಅಂಗಡಿಯಿಂದ ಒಣದ್ರಾಕ್ಷಿ ತಂದು ಮಾಡಿದರು. ಪ್ಯಾಕೆಟ್ಟಿನದೇ. ಯಾರೂ ನಗಲಿಲ್ಲ, ಲೋಟ ಹಿಡಿದು ಎರಡನೆಯ ಸಲ ಬಂದವರೇ ಹೆಚ್ಚು.

ನನ್ನ ಸಿಟ್ಟು ಇರುವುದು ಬೇರೆ ಕಡೆ. ನಮ್ಮಲ್ಲಿ "ಫ್ರೂಟ್ ಡ್ರಿಂಕ್" ಎಂದು ಮಾರಲು ಸಾಮಾನ್ಯವಾಗಿ ಶೇ. 10ರಷ್ಟು ಹಣ್ಣಿನ ರಸವಿದ್ದರೆ ಸಾಕು. ಪೊಟ್ಟಣದ ಮೇಲೆ ಮಾತ್ರ ಇಡೀ ಮಾವಿನಹಣ್ಣು, ಎಲೆಯ ಸಮೇತ. ಅದನ್ನು ಮಾರುವವರಿಗಿಲ್ಲದ ನಾಚಿಕೆ ಮನೆಯಲ್ಲಿ ಕೈಯಾರೆ ಏನೋ ಮಾಡಿದವರಿಗೆ! ಮೊಸರಿಗೆ ಪ್ಯಾಕೆಟ್ ಹಾಲು ನಡೆಯುತ್ತದೆ, ಹಸು ಕಟ್ಟಿಲ್ಲವೆಂದು ಯಾರೂ ಕೇಳುವುದಿಲ್ಲ. ಸೈಡರ್‌ಗೆ ಮಾತ್ರ ತೋಟವೇ ಇರಬೇಕೇ?

ಹುಳಿಯುವಾಗ ಮುಚ್ಚಳ ಬಿಗಿಯಬೇಡಿ, ಗಾಜು ಸಿಡಿದೀತು. ಮುಂದಿನ ಸಲ ಅಮ್ಮ ಫೋನಿನಲ್ಲಿ ಸಿಕ್ಕಾಗ ಏನೂ ವಾದಿಸದೆ ಫೋನನ್ನು ಬಾಟಲಿಯ ಬಾಯಿಗೆ ಹಿಡಿಯಿರಿ.