ಫಿಸ್ಟುಲಾ ಮಾಡಿಸಿದ ಕೈಯನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಡಯಾಲಿಸಿಸ್‌ಗೆಂದು ತಂದೆಯವರ ಎಡಗೈಗೆ ಫಿಸ್ಟುಲಾ (ಹೃದಯದಿಂದ ರಕ್ತ ತರುವ ಅಪಧಮನಿಯನ್ನು ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿಗೆ ಜೋಡಿಸುವುದು) ಮಾಡಿದ್ದಾರೆ, ಮನೆಯಲ್ಲಿ ಏನು ಗಮನಿಸಬೇಕು ಅಂತ ಕೇಳಿದ್ದೀರಿ.

ದಿನಾ ಬೆಳಿಗ್ಗೆ ಆ ಜಾಗದ ಮೇಲೆ ಮೆಲ್ಲಗೆ ಬೆರಳಿಟ್ಟು ನೋಡಿ. ಬೆಕ್ಕು ಗುರುಗುಟ್ಟುವಾಗ ಅದರ ಮೈ ಮುಟ್ಟಿದ ಹಾಗೆ ಸಣ್ಣ ಅದುರು ಸಿಗಬೇಕು. ಅಪಧಮನಿಯ ರಕ್ತ ನೇರವಾಗಿ ಅಭಿಧಮನಿಗೆ ನುಗ್ಗುವುದರಿಂದ ಹಾಗಾಗುತ್ತದೆ. ಅದುರು ನಿಂತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಮುಂದಿನ ಡಯಾಲಿಸಿಸ್‌ವರೆಗೆ ಸುಮ್ನೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಕೆಂಪಾಗಿ ಊದಿಕೊಂಡರೂ, ಕೀವು ಕಂಡರೂ ಅಷ್ಟೇ.

ಆ ಕೈಯಲ್ಲಿ ಬಿಪಿ ನೋಡಿಸುವುದು, ರಕ್ತ ತೆಗೆಸುವುದು, ಡ್ರಿಪ್ ಹಾಕಿಸುವುದು ಬೇಡವೇ ಬೇಡ. ಬೇರೆ ಕ್ಲಿನಿಕ್‌ಗೆ ಹೋದಾಗ ನೀವೇ ಮೊದಲು ಹೇಳಿಬಿಡಿ. ಗಡಿಬಿಡಿಯಲ್ಲಿ ನರ್ಸ್ ಗಮನಕ್ಕೆ ಬಾರದೆ ಹೋಗಬಹುದು, ಅಲ್ವಾ? ಬಿಗಿಯಾದ ವಾಚು, ಬಳೆ ಬೇಡ. ಆ ಕೈ ಮೇಲೆ ತಲೆಯಿಟ್ಟು ಮಲಗುವುದೂ ಬೇಡ.

ಸೂಜಿ ಹಾಕಿದ ಜಾಗದಿಂದ ರಕ್ತ ಬಂದರೆ ಶುಭ್ರವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ.