ಸೇಡಂ ಸಿಮೆಂಟ್ ಲೋಡಿನ ಬಾಡಿಗೆ ಮೂರು ತಿಂಗಳಾದರೂ ಬಂದಿಲ್ಲ, ಬಿಲ್ ಫ್ಯಾಕ್ಟರಿಂಗಿಗೆ ಕೊಡಬಹುದಾ?: ಪ್ರತಿಕ್ರಿಯೆ

ಬಹುಶಃ ಮಾಲು ಇಳಿಸಿಕೊಂಡವರ ಸಹಿ, ಸಿಕ್ಕಾ ಇರೋ ಎಲ್‌ಆರ್ (ಲಾರಿ ರಸೀದಿ) ಪ್ರತಿ ಬಾಡಿಗೆ ಕೊಡಬೇಕಾದವರ ಬಿಲ್ಲಿಂಗ್ ವಿಭಾಗಕ್ಕೆ ಮುಟ್ಟಿಲ್ಲ. ಹಂಗಿದ್ದರ ಬಿಲ್ ಪಾಸೇ ಆಗಿರಲ್ಲ, ಅಂಥದಕ್ಕೆ ಫ್ಯಾಕ್ಟರಿಂಗ್‌ನವರು (ಬಾಕಿ ಬಿಲ್ ತಗೊಂಡು ಮುಂಗಡ ರೊಕ್ಕ ಕೊಡೋರು) ಸಾಮಾನ್ಯವಾಗಿ ರೊಕ್ಕ ಕೊಡಲ್ಲ. ಮೊದಲು ಪ್ರತಿ ಕೊಟ್ಟು, ಬಿಲ್ ಒಪ್ಪಿದ್ದೇವೆ ಅಂತ ಮೇಲ್ ತಗೋರಿ. ಫೋನಿನ ಮಾತು ಸಾಲಲ್ಲ.

ಬಿಲ್ ಯಾರ ಹೆಸರಿಗಿದೆ ಅಂತ ನೀವು ಬರೆದಿಲ್ಲ, ಎಲ್ಲಾ ಅದರ ಮ್ಯಾಲೇ ನಿಂತದ. ನೇರ ಫ್ಯಾಕ್ಟರಿ ಹೆಸರಿಗಿದ್ದರೆ ಟ್ರೆಡ್ಸ್ (ಸಣ್ಣ ಉದ್ದಿಮೆಗಳ ಬಾಕಿ ಬಿಲ್ಲಿಗೆ ರೊಕ್ಕ ಸಿಗೋ ಆನ್‌ಲೈನ್ ವೇದಿಕೆ) ನೋಡ್ರಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ ಸರ್ಕಾರದ ದಾಖಲೆ) ಬೇಕು, ಕಂಪನಿ ಆನ್‌ಲೈನಲ್ಲಿ ಬಿಲ್ ಒಪ್ಪಬೇಕು, ಆಮ್ಯಾಲ ಬ್ಯಾಂಕುಗಳು ದರ ಕೂಗ್ತಾವ. ಕಂಪನಿ ಕಟ್ಟದಿದ್ದರೂ ನಿಮ್ಮ ಕಡೆ ವಸೂಲಿಗೆ ಬರಲ್ಲ. ನಡುವಿನ ಟ್ರಾನ್ಸ್‌ಪೋರ್ಟ್ ಕಾಂಟ್ರಾಕ್ಟರ್ ಹೆಸರಿಗಿದ್ದರೆ ಈ ದಾರಿ ಕಷ್ಟ. ಆಗ ಖಾಸಗಿ ಫ್ಯಾಕ್ಟರಿಂಗ್ ಕರಾರಿನಲ್ಲಿ ‘ರಿಕೋರ್ಸ್’ ಶರತ್ತು ಅದಾ ಅಂತ ಹುಡುಕ್ರಿ. ಇದ್ದರೆ ಪಾರ್ಟಿ ಕೈ ಎತ್ತಿದಾಗ ರೊಕ್ಕ ನೀವೇ ವಾಪಸ್ ಕಟ್ಟಬೇಕು. ನನ್ನ ಲೆಕ್ಕದಾಗ ಅದು ಸಾಲವೇ.

ಲೋಡಿಗೆ ಮೊದಲೇ ಉದ್ಯಮ್ ಇತ್ತಾ? ಇದ್ದರೆ ಸಣ್ಣ ಉದ್ದಿಮೆಗಳ ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಕರಾರಿದ್ದರೂ ರೊಕ್ಕ ಕೊಡೋ ಗಡುವು 45 ದಿನ ದಾಟುವಂತಿಲ್ಲ, ಕರಾರು ಇಲ್ಲದಿದ್ದರೆ 15 ದಿನ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದನ್ನೇ ನೋಟಿಸಿನಲ್ಲಿ ಬರೆದು ಕಳಿಸ್ರಿ. ಮಣಿಯದಿದ್ದರೆ ಎಂಎಸ್‌ಎಂಇ ಫೆಸಿಲಿಟೇಶನ್ ಕೌನ್ಸಿಲ್‌ಗೆ (ಸಣ್ಣ ಉದ್ದಿಮೆಗಳ ಬಾಕಿ ತಕರಾರು ಕೇಳೋ ಸರ್ಕಾರಿ ಮಂಡಳಿ) ಆನ್‌ಲೈನಲ್ಲೇ ದೂರು ಹಾಕ್ರಿ.