ರಾತ್ರಿ ಎದ್ದು ಕೂತವರನ್ನು ಯಾರು ಕೇಳಿದರು?

ಪತ್ರ: ನನ್ನ ಯಜಮಾನರು ಜೋರಾಗಿ ಗೊರಕೆ ಹೊಡೆಯುತ್ತಾರೆ. ನಡುವೆ ಗಕ್ಕನೆ ಉಸಿರು ನಿಂತು, ಆಮೇಲೆ ಏದುಸಿರು ಬಿಡುತ್ತಾ ಎಚ್ಚರಾಗುತ್ತಾರೆ. ಮೈಗೆಲ್ಲ ವೈರು ಸುತ್ತಿಕೊಂಡು ಮಲಗುವ ಸ್ಲೀಪ್ ಸ್ಟಡಿ ಬೇಡವೆಂದು ಹಟ. ರಕ್ತ ಪರೀಕ್ಷೆಯಲ್ಲೇ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ) ಇದೆಯೇ, ಎಷ್ಟು ತೀವ್ರ ಎಂದು ತಿಳಿಯುತ್ತದಂತೆ. ಅಷ್ಟು ಸಾಲದೇ?

ಉತ್ತರ: ಸಾಲದು, ತಾಯಿ. ನೀವು ನಾಲ್ಕು ಸಾಲಿನಲ್ಲಿ ಬರೆದಿರುವುದನ್ನು ಯಾವ ಲ್ಯಾಬಿನ ರಿಪೋರ್ಟೂ ಹೇಳಲಾರದು.

ರಕ್ತದ ಸಂಶೋಧನೆ ಸುಳ್ಳಲ್ಲ. ಗಂಟಲಿನ ದಾರಿ ಮುಚ್ಚಿ ರಾತ್ರಿಯಿಡೀ ಆಮ್ಲಜನಕ ಇಳಿದು ಏರುತ್ತಿದ್ದರೆ ದೇಹದಲ್ಲಿ ಉರಿಯೂತ ಹೆಚ್ಚುತ್ತದೆ. ಉರಿಯೂತವನ್ನು ತೋರಿಸುವ ಸಿಆರ್‌ಪಿ, ಇಂಟರ್‌ಲ್ಯೂಕಿನ್-6, ಕೆಲವು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ, ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನ್ ಎರಿತ್ರೊಪೊಯೆಟಿನ್ ಇವನ್ನೆಲ್ಲ ವಿಜ್ಞಾನಿಗಳು ಅಳೆದು ನೋಡುತ್ತಿದ್ದಾರೆ. ಆದರೆ ಬೊಜ್ಜಿದ್ದರೂ ಸಿಆರ್‌ಪಿ ಏರುತ್ತದೆ, ಸಕ್ಕರೆ ಕಾಯಿಲೆ ಇದ್ದರೆ ಎಚ್‌ಬಿಎ1ಸಿ ಏರಿಯೇ ಇರುತ್ತದೆ. ಏರಿಸಿದ್ದು ಗೊರಕೆಯೋ ಹೊಟ್ಟೆಯೋ ಎಂದು ರಕ್ತ ಬಾಯಿಬಿಟ್ಟು ಹೇಳುವುದಿಲ್ಲ. ತೀವ್ರತೆಯನ್ನು ನಿರ್ಧರಿಸಲು ಎಣಿಸಬೇಕಾದದ್ದು ಉಸಿರನ್ನು: 10 ಸೆಕೆಂಡಾದರೂ ಅದು ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ ಎಷ್ಟು ಸಲ ಎಂದು. 5ರಿಂದ 15 ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆ ತೀವ್ರ.

ನನ್ನ ಅಣ್ಣನದೂ ಇದೇ ಕತೆ. ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯಲಿಲ್ಲ. ರಕ್ತದ ರಿಪೋರ್ಟುಗಳ ಫೈಲು ಮೊಳದಪ್ಪ ಬೆಳೆಯಿತು. ಅತ್ತಿಗೆ ಪ್ರತಿ ಸಲವೂ ಜೊತೆಗೆ ಹೋಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬರುತ್ತಿದ್ದರು. ವರ್ಷಗಳ ನಂತರ ಒಬ್ಬ ವೈದ್ಯೆ ಫೈಲು ಮುಚ್ಚಿ ಅವರ ಕಡೆ ತಿರುಗಿ, "ಇವರು ಹೇಗೆ ನಿದ್ದೆ ಮಾಡ್ತಾರೆ?" ಅಂದರು. ಅತ್ತಿಗೆ ಕೈಚೀಲದಿಂದ ಕ್ಯಾಲೆಂಡರಿನ ಹರಿದ ಹಾಳೆ ತೆಗೆದರು. ಅದರ ಹಿಂದೆ ಪೆನ್ಸಿಲ್ಲಿನಲ್ಲಿ ಗೀಟು, ಗೀಟು, ಗೀಟು. ಉಸಿರು ನಿಂತಾಗಲೆಲ್ಲ ಒಂದೊಂದು. ಸ್ಲೀಪ್ ಸ್ಟಡಿಯಲ್ಲಿ ಗಂಟೆಗೆ 40 ದಾಟಿತ್ತು. ಮಾಸ್ಕಿನಿಂದ ಗಾಳಿ ಒತ್ತಿ ಗಂಟಲಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಬಂದ ಮೇಲೆ ಅತ್ತಿಗೆಯೂ ನಿದ್ದೆ ಕಂಡರು.

ನನ್ನ ಸಂಕಟ ಇದೇ. ಅಂಕಿ ಇದ್ದರೆ ಮಾತ್ರ ಕಾಯಿಲೆ, ಹೆಂಗಸು ಹೇಳಿದರೆ ಅದು ಗಾಬರಿ. ಎದೆಯ ಮೇಲೆ ಕೈಯಿಟ್ಟು ಉಸಿರು ಬಂತೇ ಎಂದು ನೋಡುತ್ತಾ ಬೆಳಗು ಮಾಡಿದವಳಿಗಿಂತ ದೊಡ್ಡ ಸಾಕ್ಷಿ ಇನ್ನೆಲ್ಲಿದೆ? ವೈದ್ಯರು ಬಳಸುವ ಸ್ಟಾಪ್-ಬ್ಯಾಂಗ್ ಪ್ರಶ್ನಾವಳಿಯ 8 ಪ್ರಶ್ನೆಗಳಲ್ಲಿ ಒಂದು, ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೇ ಎಂಬುದೇ. ಆದರೂ ಎಷ್ಟು ಕಡೆ ಕೇಳುತ್ತಾರೆ?

ನಿಮ್ಮ ಮೇಲೂ ಒಂದು ಆಕ್ಷೇಪಣೆ ಇದೆ. ಕಣ್ಣಾರೆ ಕಂಡದ್ದನ್ನು ಬಿಟ್ಟು ಸೂಜಿಯ ಮೊನೆಗೆ ಯಾಕೆ ಜೋತುಬಿದ್ದಿರಿ? ಇವತ್ತೇ ರಾತ್ರಿ ಮೊಬೈಲಿನಲ್ಲಿ ಆ ಸದ್ದು ರೆಕಾರ್ಡ್ ಮಾಡಿ, ಬೆಳಿಗ್ಗೆ ಅವರಿಗೇ ಕೇಳಿಸಿ. ಮನೆಯಲ್ಲೇ ಮಾಡುವ ಸ್ಲೀಪ್ ಟೆಸ್ಟಿಗೆ ವೈರು ಕಡಿಮೆ. ಅವರಿಗೆ ಅದು ಸಾಕೇ ಎಂದು ವೈದ್ಯರನ್ನು ಕೇಳಿ. ಹಗಲು ತೂಕಡಿಕೆ ಇದ್ದರೆ ಅಲ್ಲಿಯವರೆಗೆ ವಾಹನ ಓಡಿಸಲು ಬಿಡಬೇಡಿ. ಮತ್ತೆ, ವೈದ್ಯರ ಎದುರಿಗೆ ಬಾಗಿಲ ಪಕ್ಕದ ಕುರ್ಚಿ ಬೇಡ, ಮುಂದಿನದರಲ್ಲೇ ಕೂತುಕೊಳ್ಳಿ.